ಬಲ್ಬ್ ಹೊತ್ತಿದರೆ ಸಾಲದು



2009ರ ಜೂನ್ 12ರಂದು ಅಮೆರಿಕದ ಪೂರ್ಣಶಕ್ತಿಯ ಟಿವಿ ಕೇಂದ್ರಗಳು ಅನಲಾಗ್ ಪ್ರಸಾರ ನಿಲ್ಲಿಸಿದವು. ಹಳೆಯ ಟಿವಿಗಳಿಗೆ ಡಿಜಿಟಲ್ ಪರಿವರ್ತಕ ಪೆಟ್ಟಿಗೆ ಬೇಕಾಯಿತು. ಅದಕ್ಕೆ ಸರ್ಕಾರ 40 ಡಾಲರಿನ ಕೂಪನ್ ಕೊಟ್ಟಿತು.

ಆಗ ಅಲ್ಲಿದ್ದ ನಾನು ನೆರೆಮನೆಯ ಅಜ್ಜಿಗೆ ಪೆಟ್ಟಿಗೆ ಜೋಡಿಸಿಕೊಟ್ಟೆ. ಚಿತ್ರ ಬಂತು, ಪರದೆಯ ಮೇಲೆ ಕಾರ್ಯಕ್ರಮಗಳ ಪಟ್ಟಿಯೂ ಬಂತು. ಅವರ ಹಳೆಯ ರೆಕಾರ್ಡರ್‌ಗೂ ಪಟ್ಟಿ ಹೋಗುತ್ತದೆ ಎಂದುಬಿಟ್ಟೆ. ಹೋಗಲಿಲ್ಲ. ಪೆಟ್ಟಿಗೆ ಪಟ್ಟಿಯನ್ನು ತಾನು ಓದಿಕೊಂಡು, ಮುಂದಕ್ಕೆ ಚಿತ್ರ, ಧ್ವನಿ ಮಾತ್ರ ಕಳಿಸುತ್ತಿತ್ತು. ಅಜ್ಜಿ ಕಾದಿದ್ದ ಕಾರ್ಯಕ್ರಮ ರೆಕಾರ್ಡ್ ಆಗಲೇ ಇಲ್ಲ.

ಬಲ್ಬ್ ಹೊತ್ತಿದರೆ ಸಾಲದು, ಒಂದೊಂದು ತಂತಿಯನ್ನೂ ಬೇರೆಯಾಗಿ ಪರೀಕ್ಷಿಸಬೇಕೆಂದು ಇದೇ ಶಾಲೆಯ ವಿಜ್ಞಾನ ಮೇಷ್ಟ್ರು ಕಲಿಸಿದ್ದರು. ನಾನು ಮರೆತಿದ್ದೆ. ಮಕ್ಕಳೇ, ನೀವು ಮರೆಯಬೇಡಿ.