ಬೇಸಿಗೆ ರಜೆ, ತಂತ್ರಜ್ಞಾನ ಮತ್ತು ಶಿಷ್ಯವೇತನ

(ಚೆನ್ನೈಯ ಕನ್ನಡ ವಿದ್ಯಾರ್ಥಿಗಳು ಹಾಗೂ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಚೆನ್ನೈಯಲ್ಲಿ ಕತ್ತಿರಿ ಬಿಸಿಲು ಏರಿದಾಗ ಶಾಲೆಗಳ ಬಾಗಿಲು ಮುಚ್ಚುತ್ತದೆ. ಅನುಕೂಲವಂತರ ಮಕ್ಕಳು ಗಣಕಯಂತ್ರದ ತರಗತಿಗಳಿಗೆ ಸೇರುತ್ತಾರೆ. ಕೆಲವರು ಅಜ್ಜಿಯ ಊರಿಗೆ ಹೋಗುತ್ತಾರೆ. ಇನ್ನು ಕೆಲವರು ತಂದೆ ದುಡಿಯುವ ಹೋಟೆಲಿನ ಇಲ್ಲವೇ ಅಂಗಡಿಯ ಆಸುಪಾಸಿನಲ್ಲಿಯೇ ರಜೆಯನ್ನು ಕಳೆಯುತ್ತಾರೆ.

ಕಳೆದ ಬೇಸಿಗೆಯಲ್ಲಿ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನ ತಾಯಿ ಒಂದು ಕರಪತ್ರವನ್ನು ಹಿಡಿದು ನನ್ನಲ್ಲಿಗೆ ಬಂದಿದ್ದರು. ನಾಲ್ಕು ವಾರಗಳ ತಂತ್ರಜ್ಞಾನ ಇಂಟರ್ನ್‌ಶಿಪ್, ಕೊನೆಯಲ್ಲಿ ಪ್ರಮಾಣಪತ್ರ, ಅದಕ್ಕಾಗಿ ಕೆಲವು ಸಾವಿರ ರೂಪಾಯಿ ಶುಲ್ಕ ಎಂದು ಅದರಲ್ಲಿ ಅಚ್ಚಾಗಿತ್ತು. "ಸ್ವಾಮಿ, ಕೆಲಸ ಕಲಿಸುವವರಿಗೆ ನಾವು ಹಣ ಕೊಡಬೇಕೋ, ಕೆಲಸ ಮಾಡುವ ಹುಡುಗನಿಗೆ ಅವರು ಕೊಡಬೇಕೋ?" ಎಂದು ಆಕೆ ಕೇಳಿದರು. ಇಂದಿನ ನನ್ನ ಮಾತುಗಳು ಆ ತಾಯಿಯ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವಷ್ಟೇ.

ಮೊದಲು ಕಾನೂನಿನ ಮಾತು. ಬಾಲ ಹಾಗೂ ಕಿಶೋರ ಕಾರ್ಮಿಕರಿಗೆ ಸಂಬಂಧಿಸಿದ 1986ರ ಕಾಯಿದೆಯು 2016ರಲ್ಲಿ ತಿದ್ದುಪಡಿಯಾಯಿತು. ಅದರಂತೆ 14 ವರ್ಷ ತುಂಬದ ಮಕ್ಕಳನ್ನು ದುಡಿಮೆಗೆ ನೇಮಿಸಿಕೊಳ್ಳುವಂತಿಲ್ಲ. ಶಾಲೆಯ ವೇಳೆ ಮುಗಿದ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಸ್ವಂತ ಕುಟುಂಬದ ಉದ್ಯಮಕ್ಕೆ ನೆರವಾಗುವಂತಹ ಕೆಲವು ವಿನಾಯಿತಿಗಳು ಮಾತ್ರ ಇವೆ. 14ರಿಂದ 18 ವರ್ಷದೊಳಗಿನವರನ್ನು ಅಪಾಯಕಾರಿ ಕೆಲಸಗಳಿಗೆ ಹಚ್ಚುವಂತಿಲ್ಲ. ಇತರ ಕೆಲಸಗಳಲ್ಲಿಯೂ ಸತತ ಮೂರು ಗಂಟೆಗಳ ನಂತರ ಒಂದು ಗಂಟೆ ವಿಶ್ರಾಂತಿ ಕೊಡಬೇಕು. ವಿಶ್ರಾಂತಿಯೂ ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸಬಾರದು. ವಾರಕ್ಕೊಂದು ದಿನ ರಜೆ ನೀಡಬೇಕು. ಕಲಿಕೆಯ ಹೆಸರಿನಲ್ಲಿ ಯಾರಾದರೂ ಈ ಮಿತಿಗಳನ್ನು ದಾಟಿದರೆ ಅದನ್ನು ಕಲಿಕೆಯೆಂದು ಒಪ್ಪಬೇಕಾಗಿಲ್ಲ.

ಇನ್ನೊಂದು ಕಾನೂನು 1961ರ ಅಪ್ರೆಂಟಿಸ್ ಕಾಯಿದೆ. ಕೆಲಸ ಕಲಿಯುವವನಿಗೆ ಹಣ ನೀಡಬೇಕೆಂಬ ತತ್ತ್ವವನ್ನು ನಮ್ಮ ದೇಶದಲ್ಲಿ ಸ್ಪಷ್ಟವಾಗಿ ನಿಲ್ಲಿಸಿರುವುದು ಇದೇ. 14 ವರ್ಷ ತುಂಬಿದವರು ಅಪ್ರೆಂಟಿಸ್ ಆಗಬಹುದು. ಅಪಾಯಕಾರಿ ಉದ್ಯಮಗಳಿಗೆ ಸೇರಿದ ವೃತ್ತಿಗಳಲ್ಲಿ 18 ವರ್ಷ ತುಂಬಿರಬೇಕು. ಅಪ್ರಾಪ್ತ ವಯಸ್ಕನಾದರೆ ಒಪ್ಪಂದಕ್ಕೆ ಅವನ ಪೋಷಕರು ಸಹಿ ಮಾಡಬೇಕು. 2019ರ ನಿಯಮ ತಿದ್ದುಪಡಿಯು ಹತ್ತನೆಯ ತರಗತಿ ಮುಗಿಸಿದವರಿಗೆ ತಿಂಗಳಿಗೆ ಕನಿಷ್ಠ 6,000 ರೂಪಾಯಿ, ಹನ್ನೆರಡನೆಯ ತರಗತಿ ಮುಗಿಸಿದವರಿಗೆ 7,000 ರೂಪಾಯಿಗಳ ಶಿಷ್ಯವೇತನವನ್ನು ನಿಗದಿಗೊಳಿಸಿತು. 'ಶಿಷ್ಯವೇತನ' ಎಂಬ ನಮ್ಮ ಪದವನ್ನು ಗಮನಿಸಿ. ಪಡೆಯುವವನು ಶಿಷ್ಯ, ಆದುದರಿಂದ ಅವನಿಗೆ ಕಲಿಸಲೇಬೇಕು. ಅದು ವೇತನ, ಆದುದರಿಂದ ಅದನ್ನು ಕೊಡಲೇಬೇಕು.

ಇದು ಕಾಗದದ ಮೇಲಿನ ಮಾತಷ್ಟೇ ಅಲ್ಲ. ಈ ನಗರದ ಪೆರಂಬೂರಿನಲ್ಲಿ 1955ರಲ್ಲಿ ಆರಂಭವಾದ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯನ್ನು ನೋಡಿ. 2018ರಲ್ಲಿ ದೇಶದ ಮೊದಲ ವಂದೇ ಭಾರತ್ ರೈಲು ಸಿದ್ಧವಾದದ್ದು ಅಲ್ಲಿಯೇ. ಹತ್ತನೆಯ ತರಗತಿಯನ್ನು ವಿಜ್ಞಾನ ಹಾಗೂ ಗಣಿತಗಳೊಡನೆ ಮುಗಿಸಿದ, 15 ವರ್ಷ ತುಂಬಿದ ವಿದ್ಯಾರ್ಥಿಗಳನ್ನು ಈ ಕಾರ್ಖಾನೆ ಫಿಟ್ಟರ್, ಎಲೆಕ್ಟ್ರಿಷಿಯನ್, ಮೆಷಿನಿಸ್ಟ್ ಮೊದಲಾದ ವೃತ್ತಿಗಳಿಗೆ ಶಿಷ್ಯವೇತನದೊಡನೆ ಅಪ್ರೆಂಟಿಸ್‌ಗಳಾಗಿ ತೆಗೆದುಕೊಳ್ಳುತ್ತಾ ಬಂದಿದೆ. ಐ.ಟಿ.ಐ. ಮುಗಿಸಿದವರಿಗೆ ಗಣಕಯಂತ್ರ ಪ್ರೋಗ್ರಾಮಿಂಗ್ ವಿಭಾಗದಲ್ಲಿಯೂ ಅವಕಾಶವಿದೆ. ಅರ್ಜಿ ಹಾಕುವ ಮುನ್ನ ಆಯಾ ವರ್ಷದ ಪ್ರಕಟಣೆಯನ್ನು ಪೂರ್ತಿಯಾಗಿ ಓದುವುದು ಅವಶ್ಯ.

ಖಾಸಗಿ ಕ್ಷೇತ್ರದಲ್ಲಿಯೂ ಒಂದು ನಿದರ್ಶನ ಚೆನ್ನೈಯಲ್ಲಿಯೇ ಹುಟ್ಟಿದೆ. ಜೋಹೊ ಎಂಬ ತಂತ್ರಾಂಶ ಸಂಸ್ಥೆಯು ಎರಡು ದಶಕಗಳ ಹಿಂದೆ ಬೆರಳೆಣಿಕೆಯ ವಿದ್ಯಾರ್ಥಿಗಳೊಡನೆ ಒಂದು ಶಾಲೆಯನ್ನು ತೆರೆಯಿತು. ಕಾಲೇಜು ಪದವಿಯಿಲ್ಲದ, ಹನ್ನೆರಡನೆಯ ತರಗತಿ ಅಥವಾ ಡಿಪ್ಲೊಮಾ ಮುಗಿಸಿದ ಯುವಜನರಿಗೆ ಅಲ್ಲಿ ಶುಲ್ಕವಿಲ್ಲದೆ, ಮಾಸಿಕ ಶಿಷ್ಯವೇತನ ನೀಡಿ, ತಂತ್ರಾಂಶ ರಚನೆಯನ್ನು ಕಲಿಸಲಾಯಿತು. ಅಲ್ಲಿ ಕಲಿತ ಅನೇಕರು ಮುಂದೆ ಅದೇ ಸಂಸ್ಥೆಯ ತಂತ್ರಜ್ಞರಾದರು. ಬುದ್ಧಿಗೆ ಪದವಿಯೊಂದೇ ಅಳತೆಗೋಲಲ್ಲ ಎಂಬುದನ್ನು ಇದು ತೋರಿಸಿಕೊಟ್ಟಿತು.

ಆದರೆ ಇವೆರಡೂ ಶಾಲೆ ಮುಗಿಸಿದವರಿಗೆ. ಇನ್ನೂ ಓದುತ್ತಿರುವವರಿಗೆ ಏನಿದೆ? ಇಸ್ರೋ ಸಂಸ್ಥೆಯು 2019ರಲ್ಲಿ 'ಯುವಿಕಾ' ಎಂಬ ಯುವ ವಿಜ್ಞಾನಿ ಕಾರ್ಯಕ್ರಮವನ್ನು ಆರಂಭಿಸಿತು. ಒಂಬತ್ತನೆಯ ತರಗತಿಯ ಆಯ್ದ ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಸುಮಾರು ಎರಡು ವಾರ ಬಾಹ್ಯಾಕಾಶ ಕೇಂದ್ರವೊಂದರಲ್ಲಿ ಉಳಿದು ಕಲಿಯುತ್ತಾರೆ. ಪ್ರಯಾಣ, ವಸತಿ, ಊಟಗಳ ವೆಚ್ಚವನ್ನು ಇಸ್ರೋ ವಹಿಸುತ್ತದೆ. ಇದು ಶಿಷ್ಯವೇತನವಲ್ಲ, ಆದರೆ ಬಡವರ ಮಗುವೂ ಮನೆಯಿಂದ ಖರ್ಚಿಲ್ಲದೆ ಹೋಗಿ ಬರಬಹುದು. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಆರರಿಂದ ಹನ್ನೆರಡನೆಯ ತರಗತಿಯವರ ಕೈಗೆ ಉಪಕರಣಗಳನ್ನು ಕೊಡುತ್ತವೆ. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಬಗೆಗೆ ಹಲವರು ವಿಚಾರಿಸುತ್ತಾರೆ. 2024ರ ಅಕ್ಟೋಬರಿನಲ್ಲಿ ಅದು ಪ್ರಾಯೋಗಿಕವಾಗಿ ಆರಂಭವಾದಾಗ ವಯೋಮಿತಿ 21ರಿಂದ 24 ವರ್ಷಗಳಾಗಿದ್ದವು. ಅದು ಶಾಲಾ ಮಕ್ಕಳಿಗಾಗಿ ರೂಪಿಸಿದ ಯೋಜನೆಯಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಹನ್ನೆರಡನೆಯ ತರಗತಿಯವರಿಗೆ ರಜಾದಿನಗಳೂ ಸೇರಿದಂತೆ ವೃತ್ತಿ ಕಲಿಕೆಯ ಇಂಟರ್ನ್‌ಶಿಪ್ ಅವಕಾಶಗಳನ್ನು ಒದಗಿಸಬಹುದೆಂದು ಹೇಳಿದೆ. ದಾರಿ ತೆರೆದಿದೆ. ಆದರೆ ಆ ಮಾತಿನಲ್ಲಿ ಶಿಷ್ಯವೇತನದ ಪ್ರಸ್ತಾಪವಿಲ್ಲ. ನನ್ನ ಅಭಿಪ್ರಾಯದಲ್ಲಿ ಕೊರತೆಯಿರುವುದು ಇಲ್ಲಿಯೇ. ಹಣವಿಲ್ಲದ ಇಂಟರ್ನ್‌ಶಿಪ್ ಎಲ್ಲರಿಗೂ ಸಮಾನವೆಂದು ತೋರುತ್ತದೆ, ಆದರೆ ವಾಸ್ತವ ಬೇರೆ. ತಾರಾಮಣಿಯವರೆಗೆ ನಿತ್ಯವೂ ಬಸ್ಸಿನಲ್ಲಿ ಹೋಗಿ ಬರಲು, ಮಧ್ಯಾಹ್ನ ಊಟ ಮಾಡಲು ಹಣ ಬೇಕು. ರಜೆಯಲ್ಲಿ ನಾಲ್ಕು ಕಾಸು ಸಂಪಾದಿಸಿ ಮುಂದಿನ ವರ್ಷದ ಪುಸ್ತಕ ಕೊಳ್ಳಬೇಕಾದ ಹುಡುಗ ಅಲ್ಲಿಗೆ ಹೋಗಲಾರ. ಹೋಗಬಲ್ಲವರು ಮಾತ್ರ ಹೋಗುತ್ತಾರೆ. ಹೀಗೆ ಇದ್ದವರಿಗೇ ಇನ್ನಷ್ಟು ಸಿಗುತ್ತದೆ.

ಇದಕ್ಕೆ ದೊಡ್ಡ ಬಂಡವಾಳವೇನೂ ಬೇಕಿಲ್ಲ. 2000ದಲ್ಲಿ ತೆರೆದ ಟೈಡಲ್ ಪಾರ್ಕಿನಿಂದ ದಕ್ಷಿಣಕ್ಕೆ ರಾಜೀವ್ ಗಾಂಧಿ ರಸ್ತೆಯುದ್ದಕ್ಕೂ ತಂತ್ರಾಂಶ ಕಚೇರಿಗಳು ಸಾಲಾಗಿ ನಿಂತಿವೆ. ಒಂದೊಂದು ಕಚೇರಿ ಪ್ರತಿ ಬೇಸಿಗೆಯಲ್ಲಿ ನಾಲ್ಕು ವಾರ, ಹದಿನಾಲ್ಕು ದಾಟಿದ ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡರೂ ಸಾಕು. ತಂತ್ರಾಂಶವನ್ನು ಪರೀಕ್ಷಿಸಿ ದೋಷಗಳನ್ನು ದಾಖಲಿಸುವುದು, ಹಳೆಯ ಗಣಕಯಂತ್ರವನ್ನು ಬಿಚ್ಚಿ ಜೋಡಿಸುವುದು, ಪರದೆಯ ಮೇಲಿನ ಕನ್ನಡ ಅಥವಾ ತಮಿಳು ಪದಗಳು ಸರಿಯಿವೆಯೇ ಎಂದು ನೋಡುವುದು, ಇವೆಲ್ಲ ಆ ವಯಸ್ಸಿಗೆ ಒಪ್ಪುವ ಕೆಲಸಗಳು. ಬಸ್ ಖರ್ಚು, ಊಟ ಮತ್ತು ಮಿತವಾದ ಶಿಷ್ಯವೇತನ ನೀಡಿದರೆ ಯಾವ ಸಂಸ್ಥೆಯೂ ಬಡವಾಗದು.

ಅಲ್ಲಿಯವರೆಗೆ ಪೋಷಕರು ಕೆಲವು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು. ಮೊದಲನೆಯದು, ಹಣ ಯಾರಿಂದ ಯಾರಿಗೆ ಹೋಗುತ್ತದೆ? ಎರಡನೆಯದು, ಮಗುವಿಗೆ ಕಲಿಸುವ ವ್ಯಕ್ತಿ ಯಾರು, ಅವರು ದಿನವೂ ಜೊತೆಯಲ್ಲಿರುತ್ತಾರೆಯೇ? ಮೂರನೆಯದು, ಕೆಲಸದ ವೇಳೆ ಎಷ್ಟು? ನಾಲ್ಕನೆಯದು, ಷರತ್ತುಗಳು ಲಿಖಿತವಾಗಿವೆಯೇ? ಐದನೆಯದು, ತಿಂಗಳು ಮುಗಿದಾಗ ಮಗು ತಾನೇ ಮಾಡಿ ತೋರಿಸಬಲ್ಲ ಒಂದು ಕೆಲಸ ಯಾವುದು? ಕೊನೆಯ ಪ್ರಶ್ನೆಗೆ ಪ್ರಮಾಣಪತ್ರವನ್ನಷ್ಟೇ ತೋರಿಸುವವರಿಂದ ದೂರವಿರುವುದು ಲೇಸು.

ಆ ತಾಯಿಗೆ ನಾನು ಕೊಟ್ಟ ಉತ್ತರ ಇದು: "ಅಮ್ಮ, ತರಗತಿಗೆ ಸೇರಿಸುವುದಾದರೆ ಶುಲ್ಕ ಕೊಡಿ, ಅದರಲ್ಲಿ ತಪ್ಪಿಲ್ಲ. ಆದರೆ ಅದನ್ನು ಕೆಲಸವೆಂದು ಕರೆದರೆ, ಹಣ ಬರಬೇಕಾದದ್ದು ನಿಮ್ಮ ಮಗನ ಕೈಗೆ." ಆಕೆ ಕರಪತ್ರವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಹೊರಟರು. ಅಂತಹ ತಾಯಂದಿರಿಗೆ ಮುಂದಿನ ಬೇಸಿಗೆಯಲ್ಲಿ ಇದಕ್ಕಿಂತ ಉತ್ತಮವಾದ ಒಂದು ಕಾಗದವನ್ನು ಕೊಡಲು ಸಾಧ್ಯವಾಗುವಂತೆ ಮಾಡುವುದು ಉದ್ಯಮಗಳ, ಶಾಲೆಗಳ ಹಾಗೂ ನಮ್ಮೆಲ್ಲರ ಹೊಣೆ.