ಅರ್ಥವಾದರೆ ಸಾಕೇ?

ಹೊಸ ಭಾಷೆ ಬರಬೇಕಾದರೆ ನಾಲ್ಕು ಜನರ ಜೊತೆ ಬೆರೆತು ಮಾತಾಡಿ, ವ್ಯಾಕರಣ ತಾನಾಗಿ ಬರುತ್ತದೆ ಎನ್ನುತ್ತೇವೆ. ಬರುತ್ತದೆಯೇ?

ಹವಾಯಿಯಲ್ಲಿ ನೆಲೆಸಿದ್ದ ಜಪಾನಿ ಕಲಾವಿದನೊಬ್ಬನ ಇಂಗ್ಲಿಷನ್ನು ಭಾಷಾವಿಜ್ಞಾನಿ ರಿಚರ್ಡ್ ಶ್ಮಿಟ್ ಮೂರು ವರ್ಷ ಗಮನಿಸಿ, ಅದರ ಬಗ್ಗೆ 1983ರಲ್ಲಿ ಬರೆದರು. ಆತನಿಗೆ ಅವರಿಟ್ಟ ಹೆಸರು ವೆಸ್. ವೆಸ್ ಇಂಗ್ಲಿಷ್ ಕಲಿತದ್ದು ಜನರ ನಡುವೆ. ಮಹಾ ಮಾತುಗಾರ, ಸ್ನೇಹಕ್ಕೂ ವ್ಯವಹಾರಕ್ಕೂ ಭಾಷೆ ಅಡ್ಡ ಬರಲಿಲ್ಲ. ಆ ವರ್ಷಗಳಲ್ಲಿ ಅವನ ಸಂಭಾಷಣೆ ಚೆನ್ನಾಗಿ ಪಳಗಿತು. ವ್ಯಾಕರಣ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಉಳಿಯಿತು.

ಇದರಲ್ಲಿ ಆಶ್ಚರ್ಯವಿಲ್ಲ. ‘ನಿನ್ನೆ’ ಎಂದೊಡನೆ ಕಾಲ ತಿಳಿಯುತ್ತದೆ, ‘ಎರಡು’ ಎಂದೊಡನೆ ಸಂಖ್ಯೆ ತಿಳಿಯುತ್ತದೆ. ಕೊನೆಯ ಪ್ರತ್ಯಯ ತಪ್ಪಿದರೂ ಕೆಲಸ ಕೆಡುವುದಿಲ್ಲ. ಕೆಲಸ ಕೆಡದಿದ್ದರೆ ತಿದ್ದಿಕೊಳ್ಳುವ ಗೋಜಿಗೆ ಯಾರು ಹೋಗುತ್ತಾರೆ?

ಕೆನಡಾದಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ಓದಿದ ಇಂಗ್ಲಿಷ್ ಮನೆಮಾತಿನ ಮಕ್ಕಳಲ್ಲೂ ಇಂಥದ್ದೇ ಕಂಡಿತು. ಕೇಳಿ ಗ್ರಹಿಸುವುದರಲ್ಲಿ ಬಲು ಮುಂದು, ಮಾತಿನ ವ್ಯಾಕರಣದಲ್ಲಿ ಹಿಂದು. ಕೇಳಿಸಿಕೊಂಡರೆ ಸಾಲದು, ಇನ್ನಷ್ಟು ಸರಿಯಾಗಿ ಹೇಳಬೇಕಾದ ಒತ್ತಡವೂ ಬೇಕು ಎಂದು ಭಾಷಾ ಸಂಶೋಧಕಿ ಮೆರಿಲ್ ಸ್ವೇನ್ 1985ರಲ್ಲಿ ವಾದಿಸಿದರು.

ಈಗ ಬೆಂಗಳೂರಿಗೆ ಬನ್ನಿ. ಕನ್ನಡ ಕಲಿಯುತ್ತಿರುವ ನೆರೆಯವರು ‘ಅವರು ನಾಳೆ ಬರುತ್ತೆ’ ಎನ್ನುತ್ತಾರೆ. ನಮಗೆ ಅರ್ಥವಾಗುತ್ತದೆ, ಸುಮ್ಮನಾಗುತ್ತೇವೆ. ಅವರು ಸ್ವಲ್ಪ ತಡವರಿಸಿದರೆ ನಾವೇ ಹಿಂದಿಗೋ ಇಂಗ್ಲಿಷಿಗೋ ಜಿಗಿಯುತ್ತೇವೆ. ಉಪಕಾರವೆಂದೇ ಹಾಗೆ ಮಾಡಿದರೂ ಅವರ ಕಲಿಕೆಗೆ ಅಲ್ಲೇ ತಡೆ.

ಇನ್ನು ಕೆಲವರು ‘ಹೌದಾ, ನಾಳೆ ಬರ್ತಾರಾ?’ ಎಂದು ಸರಿರೂಪವನ್ನು ಮೆಲ್ಲಗೆ ದಾಟಿಸುತ್ತಾರೆ. ಒಳ್ಳೆಯದೇ. ಆದರೆ ಕಲಿಯುವವರ ಕಿವಿಗೆ ಅದು ಬರೀ ಪ್ರಶ್ನೆಯಾಗಿ ಕೇಳಬಹುದು. ಸಂಶೋಧಕರಾದ ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ ಕೆನಡಾದ ತರಗತಿಗಳನ್ನು ಗಮನಿಸಿ 1997ರಲ್ಲಿ ಪ್ರಕಟಿಸಿದ್ದೂ ಇದನ್ನೇ: ಶಿಕ್ಷಕರು ಅತಿ ಹೆಚ್ಚು ಬಳಸಿದ್ದು ಈ ಮೆಲುತಿದ್ದುಪಡಿಯನ್ನು, ಮಕ್ಕಳು ಅತಿ ಕಡಿಮೆ ಸ್ಪಂದಿಸಿದ್ದೂ ಇದಕ್ಕೇ. ಮಕ್ಕಳ ಬಾಯಿಂದಲೇ ಸರಿರೂಪ ಹೊರಡಿಸುವ ಪ್ರಶ್ನೆಗಳು ಹೆಚ್ಚು ಫಲ ಕೊಟ್ಟವು. ‘ಅವರು ನಾಳೆ...?’ ಎಂದು ನಿಲ್ಲಿಸಿ ನೋಡಿ. ‘ಬರ್ತಾರೆ’ ಎಂದು ನೆರೆಯವರೇ ಹುಡುಕಿ ಹೇಳಲಿ.

ಹಾಗೆಂದು ಮಾತುಮಾತಿಗೂ ತಿದ್ದಿದರೆ ಎದುರಿನವರು ಬಾಯಿ ಮುಚ್ಚಿಕೊಂಡಾರು. ಆದ್ದರಿಂದ ಕಲಿಯುವವರೇ ಮೊದಲು ಕೇಳಿಕೊಳ್ಳಲಿ: ‘ಈ ವಾರ ನನ್ನ ಕ್ರಿಯಾಪದದ ಕೊನೆಯನ್ನಷ್ಟೇ ತಿದ್ದಿ.’ ಮುಂದಿನ ವಾರ ‘ನಾನು ಗೊತ್ತಿಲ್ಲ’ ಹೋಗಿ ‘ನನಗೆ ಗೊತ್ತಿಲ್ಲ’ ಬರಲಿ. ಕಲಿಸುವ ನಮ್ಮಿಂದ ಬೇಕಾದದ್ದು ಅವರು ವಾಕ್ಯ ಮುಗಿಸುವವರೆಗೆ ಕಾಯುವ ತಾಳ್ಮೆ, ಕನ್ನಡದಲ್ಲೇ ಉತ್ತರಿಸುವ ಹಟ.