ಊರ ಸಂಗೀತಕ್ಕೆ ಊರ ಬಾನುಲಿ

ವೀಣೆ ದೊಡ್ಡ ಸಭೆಯ ವಾದ್ಯವಲ್ಲ. ನಾಲ್ಕು ಗೋಡೆಗಳ ನಡುವೆ, ಹತ್ತಿಪ್ಪತ್ತು ಮಂದಿ ರಸಿಕರ ಎದುರಿಗೆ ಅರಳುವ ಅದರ ನಾದ ಸಾವಿರ ಜನರ ಚಪ್ಪರದಲ್ಲಿ ಅರಳದು. ಪಿಟೀಲಿಗೂ ಈ ತೊಡಕು ಇತ್ತು. ತಿರುಮಕೂಡಲಿನ ಚೌಡಯ್ಯನವರು ಹಿಂದಿನ ಸಾಲಿನವನ ಕಿವಿಗೂ ಮುಟ್ಟಲೆಂದು ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರನ್ನು ಬಿಗಿದು ಏಳು ತಂತಿಯ ಪಿಟೀಲನ್ನು ಮಾಡಿಕೊಂಡರು. ವೀಣೆಯ ಕೈ ಹಿಡಿದದ್ದು ಮಾತ್ರ ಬಾನುಲಿಯ ಮೈಕು. ಕೇಳುಗನ ಕಿವಿಯನ್ನು ತಂದು ವೀಣೆಯ ಕುದುರೆಯ ಪಕ್ಕದಲ್ಲಿಯೇ ಇಟ್ಟ ಯಂತ್ರ ಅದು. ಮೀಟಿನ ಸ್ಪಷ್ಟತೆಯನ್ನೇ ಜೀವಾಳವಾಗಿ ಇರಿಸಿಕೊಂಡ ಮೈಸೂರು ಬಾನಿಗೆ ಇದಕ್ಕಿಂತ ಒಳ್ಳೆಯ ನೆಂಟ ದೊರೆಯುವುದು ಕಷ್ಟವಿತ್ತು.

ಆ ನೆಂಟ ಮೈಸೂರಿಗೆ ಬಂದದ್ದು ಸರ್ಕಾರದ ಆಜ್ಞೆಯಿಂದಲ್ಲ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ 30 ವ್ಯಾಟಿನ ಒಂದು ಪ್ರೇಷಕ ಯಂತ್ರವನ್ನು ಹೂಡಿದರು. ಮನೆಯಲ್ಲಿ ಉರಿಯುವ ಒಂದು ದೀಪಕ್ಕೂ ಅದಕ್ಕಿಂತ ಹೆಚ್ಚಿನ ಶಕ್ತಿ ಬೇಕಾಗುತ್ತಿದ್ದ ಕಾಲ ಅದು! ಅದಕ್ಕೆ ಅವರಿತ್ತ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ ಬಾನುಲಿಗೆಲ್ಲ ಹೆಸರಾಯಿತು. ಈ ಕಥೆಯನ್ನು ಹೇಳುವಾಗ ನಾವು ಹೆಸರಿನ ಬಗೆಗೆ ಹೆಮ್ಮೆಪಡುತ್ತೇವೆ. ವ್ಯಾಟಿನ ಬಗೆಗೆ ಯೋಚಿಸುವುದಿಲ್ಲ. ನನಗಾದರೋ ಆ 30 ವ್ಯಾಟೇ ಹೆಚ್ಚು ಅರ್ಥಪೂರ್ಣವಾಗಿ ತೋರುತ್ತದೆ. ಒಂದು ಊರು ತನ್ನ ಮಾತನ್ನೂ ತನ್ನ ಹಾಡನ್ನೂ ತಾನೇ ಕೇಳಿಕೊಳ್ಳಲು ಅಷ್ಟು ಸಾಕು ಎಂದು ನಂಬಿದ ಪ್ರಯತ್ನ ಅದು.

ಅದು ಇನ್ನೊಂದು ಹತ್ತು ವರ್ಷ ಮೊದಲೇ ಆಗಿದ್ದರೆ ಎಂದು ಮನಸ್ಸು ಮರುಗುವುದುಂಟು. ವೀಣೆ ಶೇಷಣ್ಣನವರು 1926ರಲ್ಲಿಯೇ ತೀರಿಕೊಂಡಿದ್ದರು. ಚೌಡಯ್ಯನವರ ಗುರು ಬಿಡಾರಂ ಕೃಷ್ಣಪ್ಪನವರು 1931ರಲ್ಲಿ ಹೋದರು. ಕೇಳಿದವರು ಹೇಳಿದ್ದನ್ನು ಕೇಳಿ ಅವರ ಸಂಗೀತವನ್ನು ಊಹಿಸಿಕೊಳ್ಳುವುದೇ ಬಹುಮಟ್ಟಿಗೆ ನಮ್ಮ ಪಾಲಿಗೆ ಉಳಿದದ್ದು. ಸಂಗೀತಗಾರ ಬದುಕಿದ್ದು, ಯಂತ್ರ ಇಲ್ಲದೆ ಹೋದರೆ ಕಾಲವನ್ನು ದೂರಬಹುದು. ಯಂತ್ರ ಇದ್ದೂ ಹಾಡುವವರನ್ನು ಅದರ ಮುಂದೆ ಕೂರಿಸದಿದ್ದರೆ ಯಾರನ್ನು ದೂರೋಣ?

1955ರಲ್ಲಿ ಮೈಸೂರಿನ ನಿಲಯ ಬೆಂಗಳೂರಿಗೆ ಹೋಯಿತು. 1974ರಲ್ಲಿ ಮೈಸೂರಿಗೆ ಮತ್ತೆ ತನ್ನದೇ ನಿಲಯ ಬಂತು. ನಡುವಿನ ಹತ್ತೊಂಬತ್ತು ವರ್ಷಗಳಲ್ಲಿ ನಷ್ಟವೇ ಆಯಿತೆನ್ನಲಾಗದು. ಬೆಂಗಳೂರು ನಿಲಯ ಸೇರಿದ ಮೈಸೂರಿನ ವೈಣಿಕ ದೊರೆಸ್ವಾಮಿ ಅಯ್ಯಂಗಾರ್ಯರು ಮೇಲುಕೋಟೆಯ ಕವಿ ಪು.ತಿ.ನ. ಅವರ ‘ಗೋಕುಲ ನಿರ್ಗಮನ’, ‘ಹಂಸ ದಮಯಂತಿ’ಗಳನ್ನು ಬಾನುಲಿಯ ಸಂಗೀತ ರೂಪಕಗಳಾಗಿಸಿದರು. ಪಾಂಡವಪುರ ಸೀಮೆಯ ಬೆಟ್ಟದ ಮೇಲೆ ಹುಟ್ಟಿದವರ ಮಾತು, ವೆಂಕಟಗಿರಿಯಪ್ಪನವರ ಶಿಷ್ಯರ ನಾದ, ಎರಡೂ ಗಾಳಿಯಲ್ಲಿ ಕೂಡಿದ್ದು ಹೀಗೆ. ಗೇಯನಾಟಕವೆಂದರೆ ಓದುವ ಪುಸ್ತಕವಲ್ಲ, ಕೇಳುವ ವಸ್ತು ಎಂದು ಎಷ್ಟೋ ಮನೆಗಳಿಗೆ ತಿಳಿಸಿದ್ದು ಬಾನುಲಿಯೇ.

ಆದರೆ ನಾನಿರುವ ಬೆಳಗೊಳದ ಕಡೆಯಿಂದ ನೋಡಿದಾಗ ಚಿತ್ರ ತುಸು ಬೇರೆಯಾಗಿ ಕಾಣುತ್ತದೆ. ಒಂದು ಮಗ್ಗುಲಿಗೆ ಮೈಸೂರು, ಇನ್ನೊಂದು ಮಗ್ಗುಲಿಗೆ ಕನ್ನಂಬಾಡಿ ಕಟ್ಟೆ, ನಡುವೆ ಕಾಲುವೆ, ಗದ್ದೆ, ಬಲಮುರಿಯ ನೀರಿನ ಸದ್ದು. ಇಲ್ಲಿನ ಸಂಗೀತಕ್ಕೆ ಸಭಾಂಗಣವೇ ಇಲ್ಲ. ಅರಿಶಿನ ಕುಟ್ಟುವಾಗ ಒಂದು ಸೋಬಾನೆ, ಹಸೆಗೆ ಕರೆಯುವಾಗ ಇನ್ನೊಂದು, ಹೆಣ್ಣೊಪ್ಪಿಸುವಾಗ ಎಲ್ಲರ ಗಂಟಲೂ ಕಟ್ಟುವ ಮತ್ತೊಂದು. ಒಬ್ಬಾಕೆ ಎತ್ತಿಕೊಡುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಮಂಟೇಸ್ವಾಮಿಯ ಕಥೆ ಹೇಳುವ ನೀಲಗಾರರು ತಂಬೂರಿ ಹಿಡಿದು ಕುಳಿತರೆ ಬೆಳಗು ಹರಿಯುವವರೆಗೂ ಏಳುವುದಿಲ್ಲ. ಇವರಲ್ಲಿ ಕೆಲವರು ಬಾನುಲಿಯಲ್ಲಿ ಹಾಡಿದ್ದಾರೆ, ನಿಜ. ಆದರೆ ದೊಡ್ಡ ನಿಲಯಕ್ಕೆ ಅದರದೇ ಶಿಸ್ತು: ಧ್ವನಿಪರೀಕ್ಷೆ, ದರ್ಜೆ, ಇಷ್ಟೇ ನಿಮಿಷವೆಂಬ ಗಡುವು. ಶಾಸ್ತ್ರೀಯ ಸಂಗೀತದ ಮಟ್ಟವನ್ನು ಕಾಯ್ದದ್ದು ಆ ಶಿಸ್ತೇ. ಅದನ್ನು ನಾನು ಹಳಿಯಲಾರೆ. ಮದುವೆಮನೆಯಲ್ಲಿ ಐವತ್ತು ವರ್ಷ ಹಾಡಿದ ಅಜ್ಜಿ ಮಾತ್ರ ಪರೀಕ್ಷೆಗೆಂದು ಬಸ್ಸು ಹತ್ತಿ ಬರುವುದಿಲ್ಲ. ಇರುಳಿಡೀ ಹರಿಯುವ ಕಥೆಯನ್ನು ಹತ್ತು ನಿಮಿಷಕ್ಕೆ ಕತ್ತರಿಸಿದರೆ ಉಳಿಯುವುದು ಕಥೆಯೂ ಅಲ್ಲ, ಹಾಡೂ ಅಲ್ಲ, ಮಾದರಿಯ ಒಂದು ತುಂಡು.

ಸಮುದಾಯ ಬಾನುಲಿ ಬಂದದ್ದು ಈ ಕೊರತೆಯ ಜಾಗಕ್ಕೆ. ವಾಯುತರಂಗಗಳು ಸಾರ್ವಜನಿಕರ ಸೊತ್ತು ಎಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ತೀರ್ಪಿತ್ತಿತು. 2002ರಲ್ಲಿ ವಿದ್ಯಾಸಂಸ್ಥೆಗಳಿಗೆ, 2006ರಲ್ಲಿ ಸೇವಾಸಂಸ್ಥೆಗಳಿಗೆ ಬಾಗಿಲು ತೆರೆಯಿತು. ಕೋಲಾರ ಜಿಲ್ಲೆಯ ಬೂದಿಕೋಟೆಯವರು ಅಲ್ಲಿಯವರೆಗೂ ಕಾಯಲಿಲ್ಲ. ಗಾಳಿಯಲ್ಲಿ ಬಿತ್ತರಿಸುವ ಅನುಮತಿ ಇಲ್ಲದಿದ್ದರೇನಂತೆ, ತಂತಿಯಲ್ಲಿಯೇ ‘ನಮ್ಮ ಧ್ವನಿ’ಯನ್ನು ಮನೆಮನೆಗೆ ಎಳೆದರು. ಮೈಸೂರು ಜಿಲ್ಲೆಯ ಸರಗೂರಿನಿಂದ 2012ರಲ್ಲಿ ‘ಜನಧ್ವನಿ’ ಕೇಳಿಬಂತು. ಇಂಥ ನಿಲಯದ ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಆ ಊರಿನವರ ಪಾಲುಗಾರಿಕೆಯಿಂದಲೇ ಆಗಬೇಕೆಂಬುದು ನಿಯಮ. ನಿಯಮವು ಆರಂಭದಲ್ಲಿ ಗೊತ್ತುಮಾಡಿದ ಶಕ್ತಿಯ ಮಿತಿ 100 ವ್ಯಾಟು. ಗೋಪಾಲಸ್ವಾಮಿಯವರ ಯಂತ್ರದ ಹತ್ತಿರದ ಸಂಬಂಧಿಯೇ ಸರಿ. ದನಿ ಕೆಲವು ಮೈಲಿ ಹೋಗಿ ನಿಲ್ಲುತ್ತದೆ. ನಿಲ್ಲಲಿ, ಅಷ್ಟರೊಳಗಿನ ಕೇಳುಗನಿಗೆ ಹಾಡುವವಳು ಯಾರ ಮನೆಯ ಸೊಸೆಯೆಂಬುದು ಗೊತ್ತಿರುತ್ತದೆ. ತಪ್ಪಿದರೆ ಮಾರನೆಯ ದಿನ ಸಂತೆಯಲ್ಲಿ ಸಿಕ್ಕಿ ತಿದ್ದುತ್ತಾನೆ. ಪಂಡಿತರ ವಿಮರ್ಶೆಗಿಂತ ಇದು ಕಠಿಣವಾದದ್ದು.

ಹಾಗೆಂದು ಇಂಥ ನಿಲಯಗಳು ತಾವಾಗಿ ಸಂಗೀತವನ್ನು ಉಳಿಸಿಬಿಡುತ್ತವೆಂಬ ಭ್ರಮೆ ನನಗಿಲ್ಲ. ಸುಲಭದ ದಾರಿ ಚಿತ್ರಗೀತೆಗಳ ತಟ್ಟೆ ಹಾಕಿ ಕೂರುವುದು. ಬೆಳಗೊಳದ ಆಸುಪಾಸಿನಲ್ಲಿ ಒಂದು ಗೋಪುರ ಎದ್ದರೆ, ಅದನ್ನು ನಡೆಸುವವರಲ್ಲಿ ನನ್ನದು ಒಂದೆರಡು ಕೋರಿಕೆ. ಹಾಡುವವರನ್ನು ಸ್ಟುಡಿಯೋಗೆ ಕರೆಯುವುದಕ್ಕೆ ಮೊದಲು ಮೈಕನ್ನು ಮದುವೆಮನೆಗೆ ಒಯ್ಯಿರಿ. ಒನಕೆಯ ಪೆಟ್ಟು, ಕೂಸಿನ ಅಳು ನಡುವೆ ಬಂದರೆ ಅಳಿಸಬೇಡಿ, ತಾಳ ಹುಟ್ಟಿದ್ದೇ ಆ ಪೆಟ್ಟಿನಿಂದ. ನೀಲಗಾರರಿಗೆ ಒಂದು ರಾತ್ರಿಯನ್ನು ಪೂರ್ತಿಯಾಗಿ ಬಿಟ್ಟುಕೊಡಿ. ಹಾಡು ಮುಗಿದಾಗ ‘ಜಾನಪದ ಗೀತೆ’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳದೆ, ಎತ್ತಿಕೊಟ್ಟವಳ ಹೆಸರು, ಅವಳ ತವರೂರು, ಅವಳಿಗೆ ಕಲಿಸಿದವಳ ಹೆಸರು, ಮೂರನ್ನೂ ಹೇಳಿರಿ.